ಫಾರ್ಮ್ಯಾಟ್ ಹೊಡೆಸಿದವರು ನಾವು

ಸಾಹಿತ್ಯದ ಪತ್ರಿಕೆಯಲ್ಲಿ ಲ್ಯಾಪ್‌ಟಾಪಿನ ಸೌಂಡ್ ಡ್ರೈವರ್ ಬಗ್ಗೆ ಬರೆಯುವುದೇ ಎಂದು ಮೂಗು ಮುರಿಯುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಹೌದು, ಅದನ್ನೇ ಬರೆಯುತ್ತಿದ್ದೇನೆ. ಮೌಖಿಕ ಪರಂಪರೆ, ದೇಸಿ, ನೆಲದ ದನಿ ಎಂದು ಸೆಮಿನಾರುಗಳಲ್ಲಿ ಗಂಟೆಗಟ್ಟಲೆ ಮಾತಾಡುವ ನಾವು ಆ ದನಿಯನ್ನು ಈಗ ಎಲ್ಲಿಟ್ಟಿದ್ದೇವೆ? ಡೆಸ್ಕ್‌ಟಾಪ್ ಮೇಲೆ, ‘ನ್ಯೂ ಫೋಲ್ಡರ್ 3’ ಎಂಬ ಹೆಸರಿನಲ್ಲಿ.

ನನ್ನ ಫೋಲ್ಡರಿನಲ್ಲಿದ್ದದ್ದು ನಮ್ಮ ಆಯಿಯ ಹಾಡು. ಸುರಪುರ ತಾಲ್ಲೂಕಿನ ಹಳ್ಳಿಯಾಕೆ, ಅಕ್ಷರ ಕಲಿತವಳಲ್ಲ. ಬೀಸುವ ಪದ, ಸೋಬಾನೆ ಪದ, ಮೊಹರಂ ಪದ ಎಲ್ಲ ಬಾಯಲ್ಲಿದ್ದವು. (ನಮ್ಮ ಕಡೆ ಮೊಹರಂ ಇಡೀ ಊರಿನ ಹಬ್ಬ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರ ಜಾತಿ ಯಾರೂ ಕೇಳುವುದಿಲ್ಲ.) ಎಂ.ಎ. ಓದುವಾಗ ಎರಡು ಬೇಸಿಗೆ ಅವಳ ಮುಂದೆ ಫೋನ್ ಇಟ್ಟು ಕೂತಿದ್ದೆ. ಫೋನ್ ತುಂಬಿತು, ಲ್ಯಾಪ್‌ಟಾಪಿಗೆ ಹಾಕಿಕೊಂಡು ಫೋನಿನಿಂದ ಅಳಿಸಿದೆ. ಮರುವರ್ಷ ಆಯಿ ತೀರಿಕೊಂಡಳು.

ಮುಂದೊಂದು ರಾತ್ರಿ ಲ್ಯಾಪ್‌ಟಾಪ್ ತಾನಾಗಿಯೇ ಏನೋ ಅಪ್‌ಡೇಟ್ ಹಾಕಿಕೊಂಡಿತು. ಬೆಳಿಗ್ಗೆ ನೋಡಿದರೆ ಸ್ಪೀಕರ್ ಗುರುತಿನ ಮೇಲೆ ಕೆಂಪು ಕತ್ತರಿ ಗುರುತು, ಸೌಂಡ್ ಇಲ್ಲ. ಶಹಾಪುರದ ಒಂದು ಅಂಗಡಿಗೆ ಒಯ್ದೆ.

“ಫಾರ್ಮ್ಯಾಟ್ ಹೊಡದ್ರ ಬರ್ತದ ನೋಡ್ರಿ ಸರ್. ಡಾಟಾ ಏನಾರ ಅದನ್ರಿ?”

“ಇದ್ದದ್ದೆಲ್ಲಾ ಡಿ ಡ್ರೈವ್‌ದಾಗ ಅದಪ್ಪಾ, ಹೊಡಿ” ಅಂದೆ.

ಡೆಸ್ಕ್‌ಟಾಪ್ ಮೇಲೆ ಕಾಣುವುದೆಲ್ಲ ಇರುವುದು ಸಿ ಡ್ರೈವಿನಲ್ಲಿ, ಫಾರ್ಮ್ಯಾಟ್ ಹೊಡೆಯುವುದೂ ಅದನ್ನೇ ಎಂಬುದು ಕನ್ನಡ ಎಂ.ಎ. ಮುಗಿಸಿದ ನನಗೆ ಗೊತ್ತಿರಲಿಲ್ಲ. “ನಮಗ ಇವೆಲ್ಲಾ ತಿಳಿಯಂಗಿಲ್ರಿ” ಎಂದು ಆಗ ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ. ಸಂಜೆ ಲ್ಯಾಪ್‌ಟಾಪ್ ಕೈಗೆ ಬಂತು. ಸೌಂಡ್ ಬಂದಿತ್ತು. ಆಯಿ ಇರಲಿಲ್ಲ.

ತಮಾಷೆ ಕೇಳಿ: ಹದಿನೈದೇ ದಿನಕ್ಕೆ ಅದೇ ಅಪ್‌ಡೇಟ್ ಮತ್ತೆ ಬಂತು, ಸೌಂಡ್ ಮತ್ತೆ ಹೋಯಿತು. ಅಂದರೆ ಆ ಫಾರ್ಮ್ಯಾಟ್ ಮದ್ದೇ ಅಲ್ಲ. ಈ ಸಲ ಯಾದಗಿರಿಯಲ್ಲಿ ಬಿ.ಸಿ.ಎ. ಓದುವ ಹುಡುಗನೊಬ್ಬ ಚಹಾ ಆರುವುದರೊಳಗೆ ಸರಿಮಾಡಿದ. ಅವನು ಮಾಡಿದ್ದಿಷ್ಟೆ. ಸ್ಟಾರ್ಟ್ ಗುಂಡಿಯ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆದ. ಅದರಲ್ಲಿ ಸೌಂಡ್ ಎಂದಿರುವ ಸಾಲಿನೊಳಗೆ ಆಡಿಯೋ ಸಾಧನದ ಪ್ರಾಪರ್ಟೀಸ್‌ಗೆ ಹೋಗಿ, ಡ್ರೈವರ್ ಎಂಬ ಪುಟದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿದ. ಹಳೆಯ ಡ್ರೈವರ್ ವಾಪಸು ಬಂತು, ರೀಸ್ಟಾರ್ಟ್ ಮಾಡಿದ ಮೇಲೆ ಸೌಂಡೂ ಬಂತು. ಆ ಗುಂಡಿ ಮಸುಕಾಗಿದ್ದರೆ ಹಳೆಯದು ಉಳಿದಿಲ್ಲ ಎಂದರ್ಥ. ಆಗ ಅದೇ ಪುಟದಲ್ಲಿ ‘ಅನ್‌ಇನ್‌ಸ್ಟಾಲ್ ಡಿವೈಸ್’ ಒತ್ತಿ, ಡ್ರೈವರನ್ನೂ ಅಳಿಸು ಎಂಬ ಚೌಕಕ್ಕೆ ಗುರುತು ಹಾಕಿ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಸಾಮಾನ್ಯವಾಗಿ ತನ್ನದೇ ಸಾದಾ ಡ್ರೈವರನ್ನು ಹಾಕಿಕೊಳ್ಳುತ್ತದೆ. ಕೆಲದಿನ ಅಪ್‌ಡೇಟನ್ನು ‘ಪಾಸ್’ನಲ್ಲಿ ಇಟ್ಟರೆ ಕೆಟ್ಟದ್ದು ಕೂಡಲೇ ಮರಳುವುದಿಲ್ಲ.

ಡ್ರೈವರ್ ಎಂದರೆ ದುಭಾಷಿ. ಸೌಂಡಿನ ಚಿಪ್ಪಿಗೂ ವಿಂಡೋಸಿಗೂ ನಡುವೆ ನಿಂತು ಮಾತು ಮುಟ್ಟಿಸುವ ಸಣ್ಣ ತಂತ್ರಾಂಶ. ದುಭಾಷಿ ತಪ್ಪಾಡಿದರೆ ದುಭಾಷಿಯನ್ನು ಬದಲಿಸಬೇಕು. ನಾವು ಮನೆಯನ್ನೇ ಸುಡುತ್ತೇವೆ.

ಇದು ನನ್ನೊಬ್ಬನ ಹಣೆಬರಹವೂ ಅಲ್ಲ. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10 ಬಳಸುವವರ ಎಷ್ಟೋ ಕಂಪ್ಯೂಟರುಗಳಿಗೆ ಇಂಟೆಲ್‌ನ 9.21.00.3755 ಆವೃತ್ತಿಯ ಆಡಿಯೋ ಡ್ರೈವರ್ ಹೋಗಬಾರದಲ್ಲಿಗೆ ಹೋಗಿ ಸೌಂಡ್ ನಿಂತಿತ್ತು. ತಪ್ಪಾಗಿ ಕಳಿಸಿದ್ದೇವೆಂದು ಮೈಕ್ರೋಸಾಫ್ಟ್ ಒಪ್ಪಿಕೊಂಡಿತು. ಅದು ಕಳಿಸಿದ ಪರಿಹಾರ ಕೆಬಿ4468550 ಎಂಬ ಇನ್ನೊಂದು ಅಪ್‌ಡೇಟ್. ಆ ಪರಿಹಾರದ ಕೆಲಸ ಆ ಕೆಟ್ಟ ಡ್ರೈವರನ್ನು ಕಿತ್ತುಹಾಕುವುದು, ಅಷ್ಟೆ. ಕಳಿಸಿದವರೇ ಫಾರ್ಮ್ಯಾಟ್ ಹೊಡೆಯಿರಿ ಎನ್ನಲಿಲ್ಲ.

ಕಂಪನಿಗಳನ್ನು ಬಯ್ಯಬೇಡಿ ಎನ್ನುತ್ತಿಲ್ಲ, ಬಯ್ಯಲೇಬೇಕು. ನನ್ನ ದುಡ್ಡಿನ ಯಂತ್ರದೊಳಗೆ ನನ್ನನ್ನು ಕೇಳದೆ ಕೈಹಾಕುವ ಅಧಿಕಾರ ಯಾರಿಗೂ ಇರಬಾರದು. ಆದರೆ ಅಪ್‌ಡೇಟ್ ಮಾಡಿದ್ದು ಬಾಯಿ ಕಟ್ಟುವ ಕೆಲಸ ಮಾತ್ರ. ಫೈಲುಗಳು ಹಾಗೇ ಇದ್ದವು. ಕೊರಳು ಕೊಯ್ದದ್ದು ಫಾರ್ಮ್ಯಾಟ್, ಅದಕ್ಕೆ ಹೂಂ ಎಂದವನು ನಾನು. ಅಂಗಡಿಯ ಹುಡುಗನನ್ನು ದೂರುವ ಮನಸ್ಸೂ ನನಗಿಲ್ಲ. ಅವನು ಡಾಟಾ ಅದನಾ ಎಂದು ಕೇಳಿದ್ದ. ದಿನಕ್ಕೆ ಹತ್ತು ಲ್ಯಾಪ್‌ಟಾಪ್ ಬರುವ ಕಡೆ ಎಲ್ಲ ರೋಗಕ್ಕೂ ಒಂದೇ ಸೂಜಿ ಚುಚ್ಚುವುದನ್ನು ಅವನಿಗೆ ಯಾರೋ ಕಲಿಸಿದ್ದಾರೆ.

ನನ್ನ ಸಿಟ್ಟು ನನ್ನಂಥ ಕನ್ನಡದವರ ಮೇಲೆ. ತಾಳೆಗರಿಗೆ ಎಣ್ಣೆ ಹಚ್ಚಿ ಕಾಪಾಡಿದವರನ್ನು ಪಾಠದಲ್ಲಿ ಹೊಗಳುತ್ತೇವೆ, ನಮ್ಮ ಕಾಲದ ತಾಳೆಗರಿಗೆ ಏನು ಹಚ್ಚಬೇಕೆಂದು ತಿಳಿಯುವುದು ಕೀಳು ಕೆಲಸ ಎಂದುಕೊಳ್ಳುತ್ತೇವೆ. ಕ್ಷೇತ್ರಕಾರ್ಯ ಮಾಡುವ ವಿದ್ಯಾರ್ಥಿಗೆ ಪ್ರಶ್ನಾವಳಿ ಹೇಗೆ ಬರೆಯಬೇಕೆಂದು ಹೇಳಿಕೊಟ್ಟರು. ರೆಕಾರ್ಡಿಂಗ್ ಎರಡು ಕಡೆ ಇಡು ಎಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಸುರಪುರಕ್ಕೆ ಇದು ಹೊಸದೂ ಅಲ್ಲ. ಮೆಡೋಸ್ ಟೇಲರ್ ಇಲ್ಲಿ ಪೊಲಿಟಿಕಲ್ ಏಜೆಂಟನಾಗಿದ್ದ, ಟೇಲರ್ ಮಂಜಿಲ್ ಎಂಬ ಅವನ ಬಂಗಲೆ ಇನ್ನೂ ಗುಡ್ಡದ ಮೇಲಿದೆ. ಅವನ ಆತ್ಮಕಥೆ 1877ರಲ್ಲಿ ಅಚ್ಚಾಯಿತು. ನಾಯಕರ ಅರಮನೆಯ ಒಳಗಿನ ಮಾತಿಗೂ ಇವತ್ತಿಗೂ ಅದನ್ನೇ ತಡಕಾಡುತ್ತೇವೆ. ಆ ಬಂಗಲೆಯ ಕೆಳಗಿನ ಓಣಿಗಳಲ್ಲಿ ನಸುಕಿಗೆ ಬೀಸುಕಲ್ಲಿನ ಮುಂದೆ ಕೂತು ಹಾಡಿದವರ ದನಿ ಹಿಡಿದಿಡಲು ಆಗ ಯಂತ್ರವಿರಲಿಲ್ಲ. ನಮಗೆ ಆ ನೆವವೂ ಇಲ್ಲ.

ಜಾನಪದದ ಪ್ರಾಜೆಕ್ಟ್ ಮಾಡುತ್ತಿರುವವರೇ, ಇವತ್ತೇ ಒಂದು ಪೆನ್‌ಡ್ರೈವ್ ಕೊಳ್ಳಿ. ಹಾಡಿದವರ ಹೆಸರು, ಊರು, ದಿನಾಂಕ ಹಾಕಿ ಫೈಲಿಗೆ ಹೆಸರಿಡಿ. ಇನ್ನೊಂದು ಪ್ರತಿ ಹಾಡಿದವರ ಮನೆಯವರಿಗೇ ಕೊಡಿ. ನಮ್ಮ ಆಯಿಯದು ಈಗ ಉಳಿದಿರುವುದು ತಂಗಿಗೆ ಎಂದೋ ವಾಟ್ಸ್‌ಆ್ಯಪ್ ಮಾಡಿದ್ದ ಒಂದೂವರೆ ನಿಮಿಷ. ಅದರಲ್ಲೂ ಅರ್ಧ, ನೀರು ಬಂದಾವ ಕೊಡ ಇಡು ಎಂದು ಆಯಿ ನಡುವೆಯೇ ಹಾಡು ಬಿಟ್ಟು ಕೂಗಿದ್ದು.