ಅವನ ಸಿಟ್ಟು, ನಮ್ಮ ಸ್ಟೋರಿ

1/5

ಫೋಟೋದಲ್ಲಿ ಪೂಲ್ ಟೇಬಲಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಮಾತ್ರ ಉಂಟು, ಜನ ಯಾರೂ ಇಲ್ಲ. ಬೇಕಂತಲೇ ಹಾಗೆ ತೆಗೆದದ್ದು. ಯಾಕೆ ಅಂತ ಹೇಳ್ತೇನೆ. ಈ ಸಲ ಸ್ವಲ್ಪ ಉದ್ದ ಆಯ್ತು, ಪರ್ಕಳದಲ್ಲಿ ಬಸ್ ಹತ್ತಿ ಓದಲು ಶುರು ಮಾಡಿದರೆ ಹಿರಿಯಡ್ಕ ಬರುವಷ್ಟರಲ್ಲಿ ಮುಗಿಯುತ್ತದೆ.

ಕಳೆದ ತಿಂಗಳು ನನ್ನ ಸ್ಟೋರಿಯಲ್ಲಿ ಒಂದು ಸಣ್ಣ ವಿಡಿಯೋ ನೋಡಿದ್ದಿರಿ. ಮಣಿಪಾಲದಲ್ಲಿ ನಾವು ಪೂಲ್ ಆಡುವ ಜಾಗ. ನಮ್ಮ ಗ್ಯಾಂಗಿನ ಒಬ್ಬ ತೀರಾ ಸುಲಭದ ಬಾಲ್ ಮಿಸ್ ಮಾಡಿದ, ಕ್ಯೂ ಎತ್ತಿ ಟೇಬಲಿನ ಅಂಚಿಗೆ ಬಡಿದ, ಬಾಯಿಗೆ ಬಂದದ್ದು ಹೇಳಿದ. ಮೇಲೆ ನಾನೇ ಬರೆದಿದ್ದೆ: "ಪರ್ಕಳದ ಅರ್ಲ್ ಸ್ಟ್ರಿಕ್‌ಲ್ಯಾಂಡ್". ಜೊತೆಗೆ ನಗುವ ಮುಖ ಮೂರು.

ನೀವೂ ನಕ್ಕಿರಿ. ಇಷ್ಟು ರಿಪ್ಲೈ ನನ್ನ ಯಾವ ಸ್ಟೋರಿಗೂ ಬಂದಿರಲಿಲ್ಲ. ಅವನು ಮಾತ್ರ ಅಂದಿನಿಂದ ಆಡಲು ಬರಲಿಲ್ಲ. ನಮ್ಮಲ್ಲಿ ಚಂದ ಆಡುವವನು ಅಂದರೆ ಅವನೊಬ್ಬನೇ. ಹೆಸರು ಹೇಳುವುದಿಲ್ಲ, ಗೊತ್ತಿದ್ದವರು ಕಾಮೆಂಟಲ್ಲಿ ಹಾಕಬೇಡಿ, ಪ್ಲೀಸ್.

"ಅರ್ಲ್ ಅಂದ್ರೆ ಯಾರು ಮಾರಾಯ?" ಅಂತ ಕೆಲವರು ಕೇಳಿದ್ದಿರಿ. ಅಲ್ಲಿಂದಲೇ ಶುರು ಮಾಡುವಾ.

2/5

ಅರ್ಲ್ ಸ್ಟ್ರಿಕ್‌ಲ್ಯಾಂಡ್ ಅಮೆರಿಕದ ನಾರ್ತ್ ಕೆರೊಲಿನಾದವರು, ಹುಟ್ಟಿದ್ದು 1961ರಲ್ಲಿ. ಅಡ್ಡಹೆಸರು "ದ ಪರ್ಲ್", ಅಂದರೆ ಮುತ್ತು. ಯುಎಸ್ ಓಪನ್ ನೈನ್‌ಬಾಲ್ ಐದು ಸಲ ಗೆದ್ದಿದ್ದಾರೆ: 1984, 1987, 1993, 1997, 2000. ವಿಶ್ವ ಚಾಂಪಿಯನ್ ಮೂರು ಸಲ: 1990, 1991, ಮತ್ತೆ 2002.

1996ರಲ್ಲಿ ಟೆಕ್ಸಾಸಿನ ಡಲ್ಲಾಸಿನಲ್ಲಿ ಒಂದು ಟೂರ್ನಮೆಂಟ್. ಸತತ ಹತ್ತು ರ್ಯಾಕ್ ಖಾಲಿ ಮಾಡಿದವರಿಗೆ ಹತ್ತು ಲಕ್ಷ ಡಾಲರ್ ಅಂತ ಘೋಷಣೆ. ಇವರು ಹನ್ನೊಂದು ಮಾಡಿದರು. ದುಡ್ಡಿನ ವಿಷಯ ಆಮೇಲೆ ಕೋರ್ಟಿನವರೆಗೆ ಹೋಯಿತು, ಅದು ಬೇರೆ ಕಥೆ. ಅದೇ ವರ್ಷ ಹಾಂಗ್‌ಕಾಂಗಿನಲ್ಲಿ ಫಿಲಿಪೀನ್ಸಿನ ಎಫ್ರೆನ್ ರೇಯಿಸ್ ಜೊತೆ ಮೂರು ದಿನದ ಮ್ಯಾಚ್, ಮೊದಲು 120 ರ್ಯಾಕ್ ಗೆದ್ದವರಿಗೆ ಒಂದು ಲಕ್ಷ ಡಾಲರ್. ಬಹಳ ಹೊತ್ತು ಮುಂದಿದ್ದ ಅರ್ಲ್ ಕೊನೆಗೆ 117ಕ್ಕೆ ನಿಂತರು. ಮೂರು ದಿನ ಆಡಿ ಮೂರು ರ್ಯಾಕಿನಲ್ಲಿ ಸೋಲುವುದು ಅಂದರೆ ಹೇಗಿರಬೇಡ ಹೇಳಿ.

ಆದರೆ ಇವತ್ತು ರೀಲ್ಸಲ್ಲಿ ಅವರ ಹೆಸರು ಹಾಕಿದರೆ ಈ ಆಟ ಸಿಗುವುದು ಕಡಿಮೆ. ಪ್ರೇಕ್ಷಕರ ಜೊತೆ ಜಗಳ, ರೆಫರಿ ಜೊತೆ ಜಗಳ, ಟೇಬಲ್ ಸರಿ ಇಲ್ಲ ಅಂತ ಗೊಣಗಾಟ. ಸದ್ದು ಕೇಳಬಾರದು ಅಂತ ಕಿವಿಗೆ ದೊಡ್ಡ ಇಯರ್‌ಮಫ್ ಹಾಕಿಕೊಂಡು ಆಡಿದ್ದೂ ಉಂಟು. 2006ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಮನುಷ್ಯನನ್ನು ನಮ್ಮ ವಯಸ್ಸಿನವರು ಗುರುತಿಸುವುದು ಮೀಮ್ ಆಗಿ. ನಾನೂ ಹಾಗೇ ಗುರುತಿಸಿದವನು.

3/5

ಈಗ ಆ ಕುರ್ಚಿಯ ವಿಷಯ.

ನೈನ್‌ಬಾಲಿನಲ್ಲಿ ಟೇಬಲಿನ ಮೇಲೆ ಇರುವುದರಲ್ಲಿ ಸಣ್ಣ ನಂಬರಿನ ಬಾಲಿಗೆ ಮೊದಲು ತಾಗಿಸಬೇಕು, 9 ಹಾಕಿದವನು ರ್ಯಾಕ್ ಗೆದ್ದ. ಒಬ್ಬ ಆಡುವಾಗ ಇನ್ನೊಬ್ಬ ಕುರ್ಚಿಯಲ್ಲಿ ಕೂರಬೇಕು. ಗೆದ್ದವನೇ ಮತ್ತೆ ಬ್ರೇಕ್ ಮಾಡುವ ನಿಯಮ ಇದ್ದರೆ ಇನ್ನೂ ಕಷ್ಟ. ಎದುರಿನವನು ಮಿಸ್ ಮಾಡುವವರೆಗೆ ನೀನು ವಿಶ್ವ ಚಾಂಪಿಯನ್ ಆದರೂ ಬರೀ ಪ್ರೇಕ್ಷಕ.

ಕಬಡ್ಡಿಯಲ್ಲಿ ಸಿಟ್ಟು ಬಂದರೆ ಮುಂದಿನ ರೈಡಿಗೆ ಜೋರಾಗಿ ನುಗ್ಗಬಹುದು. ಕ್ರಿಕೆಟಲ್ಲಿ ಒಂದು ಬೌನ್ಸರ್ ಹಾಕಬಹುದು. ಪೂಲಿನಲ್ಲಿ ಸಿಟ್ಟಿಗೆ ಹೋಗಲು ದಾರಿಯೇ ಇಲ್ಲ. ಅದು ಕೈಗೆ ಇಳಿಯುತ್ತದೆ, ಹಿಡಿತ ಬಿಗಿಯಾಗುತ್ತದೆ, ಕ್ಯೂ ಕೂದಲೆಳೆಯಷ್ಟು ವಾರೆಯಾಗುತ್ತದೆ. ಆ ತುದಿಯ ಪಾಕೆಟ್ ಹತ್ತಿರ ಬರುವಾಗ ಅದೇ ಕೂದಲೆಳೆ ಒಂದು ಇಂಚು ಆಗಿರುತ್ತದೆ. ಮಿಸ್. ಮತ್ತೆ ಕುರ್ಚಿ. ಮತ್ತೆ ಸಿಟ್ಟು.

ಹಾಗಾಗಿ "ಟ್ಯಾಲೆಂಟ್ ಇದ್ದವರಿಗೆ ಸಿಟ್ಟು ಇರುವುದೇ" ಅನ್ನುವ ಮಾತನ್ನು ನಾನು ಈಗ ಒಪ್ಪುವುದಿಲ್ಲ. ಆ ಹನ್ನೊಂದು ರ್ಯಾಕ್ ಹೊಡೆದದ್ದು ಕಣ್ಣು, ಕೈ ಮತ್ತು ಸಾವಿರಾರು ಗಂಟೆಯ ಅಭ್ಯಾಸ. ಬೈಗುಳ ಒಂದು ಬಾಲನ್ನೂ ಪಾಕೆಟಿಗೆ ಹಾಕಲಿಲ್ಲ. ಸಿಟ್ಟು ಪ್ರತಿಭೆಯ ಇಂಧನ ಅಂತ ಹೇಳುವವರು ಹೆಚ್ಚಾಗಿ ಗ್ಯಾಲರಿಯಲ್ಲಿ ಕೂತವರು. ಅವರಿಗೆ ಅದು ಫ್ರೀ ಮನರಂಜನೆ.

ಅರ್ಲ್ ಮಾಡಿದ್ದೆಲ್ಲ ಸರಿ ಅಂತಲೂ ನಾನು ಹೇಳುತ್ತಿಲ್ಲ. ಎದುರಾಳಿಗೆ ಶಾಂತವಾಗಿ ಆಡುವ ಹಕ್ಕು ಉಂಟು, ರೆಫರಿಗೆ ಮರ್ಯಾದೆ ಉಂಟು. ಟೇಬಲ್ ಒರೆಸುವ, ಬಾಲ್ ಜೋಡಿಸುವ ಹುಡುಗನಿಗೂ ಉಂಟು. ನಮ್ಮವನು ಕ್ಯೂ ಬಡಿದಾಗ ಅಂಚಿನ ಮರ ಕೆತ್ತಿ ಹೋಯ್ತು, ಬೈಸಿಕೊಂಡದ್ದು ಆ ಹುಡುಗ. ಅದು ನನ್ನ ವಿಡಿಯೋದಲ್ಲಿ ಬರಲಿಲ್ಲ, ಅಷ್ಟರಲ್ಲಿ ನಾನು ಕಟ್ ಮಾಡಿದ್ದೆ.

4/5

ಗ್ಯಾಲರಿ ಅಂದೆನಲ್ಲ. ಮೊಸ್ಕೋನಿ ಕಪ್ ಅಂತ ಅಮೆರಿಕ ಮತ್ತು ಯುರೋಪ್ ನಡುವೆ ಪ್ರತಿ ವರ್ಷ ಆಗುವ ಟೂರ್ನಮೆಂಟ್ ಉಂಟು. ಅದರಲ್ಲಿ ಕಿರುಚಾಟ, ಹಾಡು, ಗೇಲಿ ಎಲ್ಲ ಆಟದ ಭಾಗವೇ. ಅಲ್ಲಿ ಅರ್ಲ್ ಬಂದರೆ ಜನರಿಗೆ ಹಬ್ಬ. ಎಲ್ಲಿ ಚುಚ್ಚಿದರೆ ಸಿಡಿಯುತ್ತಾರೆ ಅಂತ ಗೊತ್ತು, ಅಲ್ಲೇ ಚುಚ್ಚುವುದು. ಸಿಡಿದರೆ "ನೋಡಿ, ಹುಚ್ಚ" ಅನ್ನುವುದು. ಕ್ಲಾಸಲ್ಲಿ ಬೇಗ ಸಿಟ್ಟು ಬರುವವನಿಗೆ ನಾವು ಮಾಡುವುದೂ ಇದನ್ನೇ ಅಲ್ವಾ?

ಸಿಟ್ಟು ಹಣೆಬರಹ ಅಲ್ಲ ಅನ್ನಲು ಸ್ನೂಕರಿನಿಂದ ಎರಡು ಉದಾಹರಣೆ.

ಒಂದು, ರಾನಿ ಓ'ಸಲಿವನ್. 2006ರ ಯುಕೆ ಚಾಂಪಿಯನ್‌ಶಿಪ್ಪಿನಲ್ಲಿ ಸ್ಟೀಫನ್ ಹೆಂಡ್ರಿ ಎದುರು 1-4 ಹಿಂದಿದ್ದಾಗ, ಇನ್ನೂ ಎಷ್ಟೋ ಫ್ರೇಮ್ ಬಾಕಿ ಇರುವಾಗಲೇ, ಕೈಕುಲುಕಿ ಹೊರಟುಹೋದವರು. ಆಮೇಲೆ ದಂಡವೂ ಬಿತ್ತು. 2011ರಿಂದ ಸ್ಟೀವ್ ಪೀಟರ್ಸ್ ಅನ್ನುವ ಮನೋವೈದ್ಯರ ಸಹಾಯ ತೆಗೆದುಕೊಂಡರು. 2012, 2013ರಲ್ಲಿ ವಿಶ್ವ ಚಾಂಪಿಯನ್, ಈಗ ಒಟ್ಟು ಏಳು ಸಲ. ಸ್ವಭಾವ ಪೂರ್ತಿ ಬದಲಾಯ್ತು ಅಂತ ಅಲ್ಲ. ಆದರೆ ನನಗೆ ಸಹಾಯ ಬೇಕು ಅಂತ ಹೇಳಿದರು, ಸಹಾಯ ಸಿಕ್ಕಿತು.

ಎರಡು, ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ. ಅವರೂ ಬಿಕಾಂ, ನಾನೂ ಬಿಕಾಂ, ಹೋಲಿಕೆ ಅಲ್ಲಿಗೆ ಮುಗಿಯಿತು. 2003ರಲ್ಲಿ, 18ನೇ ವಯಸ್ಸಿನಲ್ಲಿ, ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದರು. 2006 ಮತ್ತು 2010ರ ಏಷ್ಯನ್ ಗೇಮ್ಸಿನಲ್ಲಿ ಬಿಲಿಯರ್ಡ್ಸ್ ಚಿನ್ನ. 2024ರ ನವೆಂಬರಿನಲ್ಲಿ ದೋಹಾದಲ್ಲಿ ಗೆದ್ದದ್ದು 28ನೇ ವಿಶ್ವ ಪ್ರಶಸ್ತಿ. ಅವರ ಮುಖ ನೋಡಿದರೆ ಗೆಲ್ಲುತ್ತಿದ್ದಾರಾ ಸೋಲುತ್ತಿದ್ದಾರಾ ಅಂತ ಗೊತ್ತಾಗುವುದಿಲ್ಲ.

"ಅವರು ಹುಟ್ಟಿದ್ದೇ ಹಾಗೆ, ಕೂಲ್" ಅಂತ ಹೇಳುವುದು ಸುಲಭ. ಆದರೆ ಅವರ ಪಕ್ಕ ಯಾರಿದ್ದರು ನೋಡಿ. ಹತ್ತು ವರ್ಷದ ಹುಡುಗನಿಗೆ ಈ ಆಟ ತೋರಿಸಿದ್ದು ಅಣ್ಣ ಶ್ರೀ ಅಡ್ವಾಣಿ. ಆ ಅಣ್ಣನೇ ಮುಂದೆ ಸ್ಪೋರ್ಟ್ಸ್ ಸೈಕಾಲಜಿಸ್ಟ್ ಆದರು. ಆಟ ಕಲಿಸಲು ಅರವಿಂದ್ ಸವೂರ್ ಇದ್ದರು. ಮಿಸ್ ಆದ ದಿನ ಮಾತಾಡಲು ಮನೆಯಲ್ಲೇ ಜನ. ಶಾಂತಿ ಕೂಡ ಕಟ್ ಶಾಟಿನ ಹಾಗೆ, ಯಾರಾದರೂ ಪಕ್ಕದಲ್ಲಿ ನಿಂತು ಕಲಿಸಿದರೆ ಬೇಗ ಬರುತ್ತದೆ ಅಂತ ನನಗೆ ಅನಿಸುತ್ತದೆ.

ನಮ್ಮವನ ಪಕ್ಕದಲ್ಲಿ ಇದ್ದದ್ದು ನಾನು. ನನ್ನ ಕೈಯಲ್ಲಿ ಇದ್ದದ್ದು ಫೋನ್.

5/5

ಹೋದ ವಾರ ಅವನ ಮನೆಗೆ ಹೋದೆ. ಅವನ ಅಮ್ಮ ಚಾ, ಗೋಳಿಬಜೆ ಕೊಟ್ಟರು, "ಈಗೀಗ ಬರುವುದೇ ಇಲ್ಲ ನೀನು" ಅಂದರು. ಅವರಿಗೆ ವಿಷಯ ಗೊತ್ತಿಲ್ಲ. ಅಂಗಳದಲ್ಲಿ ಕೂತು "ಸಾರಿ ಮಾರಾಯ" ಅಂದೆ. ಅವನು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ:

"ಸಿಟ್ಟು ನಂದು, ಅದಕ್ಕೆ ನಾನು ಜವಾಬ್ದಾರಿ. ವಿಡಿಯೋ ನಿಂದು."

ಇಷ್ಟೇ. ಆ ಮಧ್ಯಾಹ್ನ ಇಂಟರ್ನಲ್ ಮಾರ್ಕ್ಸ್ ಬಂದಿತ್ತು, ಕಾಸ್ಟಿಂಗಲ್ಲಿ ಹೋಗಿತ್ತು, ಮನೆಗೆ ಹೇಳುವುದು ಹೇಗೆ ಅಂತ ತಲೆಬಿಸಿ ಇತ್ತು ಅಂತ ಅವತ್ತೇ ಗೊತ್ತಾದದ್ದು. ಒಂದೇ ಬೆಂಚಲ್ಲಿ ಕೂರುವ ನನಗೆ ಅದು ಗೊತ್ತಿರಲಿಲ್ಲ. ಅವನ ಒಂಬತ್ತು ಸೆಕೆಂಡು ಮಾತ್ರ ಗೊತ್ತಿತ್ತು.

ಅವನು ಆ ಪೂಲ್ ಜಾಗಕ್ಕೆ ಹೋಗಿ ಮರದ ರಿಪೇರಿಗೆ ದುಡ್ಡು ಕೊಟ್ಟು, ಆ ಹುಡುಗನ ಹತ್ತಿರ ಕ್ಷಮೆ ಕೇಳಿ ಬಂದಿದ್ದನಂತೆ. ಅದೂ ನಮಗೆ ಯಾರಿಗೂ ಗೊತ್ತಿಲ್ಲ. ಅದರ ವಿಡಿಯೋ ಯಾರೂ ಮಾಡಿಲ್ಲವಲ್ಲ.

ಸ್ಟೋರಿ 24 ಗಂಟೆಯಲ್ಲಿ ಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹೋಗುವುದಿಲ್ಲ. ಯಾರೋ ಸ್ಕ್ರೀನ್ ರೆಕಾರ್ಡ್ ಮಾಡಿ ಎರಡು ಗ್ರೂಪಿಗೆ ಹಾಕಿದ್ದಾರೆ. ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಡಿಲೀಟ್ ಮಾಡಿ. ಇದನ್ನು ನಾನು ಕೇಳುವ ಮೊದಲನೇ ವಿಷಯ.

ಎರಡನೇದು: ನಿಮ್ಮ ಗ್ಯಾಂಗಲ್ಲೂ ಒಬ್ಬ ಅರ್ಲ್ ಇರಬಹುದು. ಕ್ಯಾರಮ್ಮಲ್ಲಿ, ವಾಲಿಬಾಲಲ್ಲಿ, ಡ್ಯಾನ್ಸ್ ಪ್ರಾಕ್ಟೀಸಲ್ಲಿ. ಅವನು ಸಿಡಿಯುವಾಗ ಕ್ಯಾಮರಾ ತೆಗೆಯಬೇಡಿ. ಉಪದೇಶವೂ ಬೇಡ, ಆ ಹೊತ್ತಿಗೆ ಅದು ಕಿವಿಗೆ ಹೋಗುವುದಿಲ್ಲ. ಒಂದು ಬಾಟಲಿ ನೀರು ಕೊಟ್ಟು ಹೊರಗೆ ಕರಕೊಂಡು ಹೋಗಿ. ಮರುದಿನ ಮಾತ್ರ ಹೇಳಿ, ನೀನು ಮಾಡಿದ್ದು ತಪ್ಪು, ಯಾರಿಗೆ ನೋವಾಯ್ತು ನೋಡು ಅಂತ. ಬಿಟ್ಟುಕೊಡುವುದು ಬೇರೆ, ಬಿಟ್ಟುಹಾಕುವುದು ಬೇರೆ.

ಮೂರನೇದು, ಸಿಟ್ಟು ಇರುವವರಿಗೆ: ಅರ್ಲ್ 60 ದಾಟಿದ ಮೇಲೂ ಆಡಿದವರು. ಸಿಟ್ಟಿನ ಅಡಿಯಲ್ಲಿ ಆಟದ ಮೇಲೆ ಅಷ್ಟು ಪ್ರೀತಿ ಇಲ್ಲದಿದ್ದರೆ ಯಾರೂ ಆ ಕುರ್ಚಿಯಲ್ಲಿ ನಲವತ್ತು ವರ್ಷ ಕೂರುವುದಿಲ್ಲ. ಆ ಪ್ರೀತಿ ನಿಮಗೂ ಇರಬಹುದು. ಆದರೆ ಎದುರಿನವರಿಗೆ ಕಾಣುವುದು ಕ್ಯೂ ಬಡಿದದ್ದು ಮಾತ್ರ.

ಇದನ್ನು ಪೋಸ್ಟ್ ಮಾಡುವ ಮುಂಚೆ ಅವನಿಗೆ ಓದಿಸಿದ್ದೇನೆ. ಎರಡು ಸಾಲು ತೆಗೆಸಿದ, ಒಂದು ಕಡೆ ನಕ್ಕ. ಶನಿವಾರ ಆಡಲು ಬರ್ತೀಯಾ ಅಂತ ಕೇಳಿದೆ. "ನೋಡುವಾ" ಅಂದ.

ಬಂದರೆ ನಾನು ಆ ಕುರ್ಚಿಯಲ್ಲಿ ಕೂತಿರ್ತೇನೆ. ಫೋನ್ ಬ್ಯಾಗಲ್ಲಿ.

#ಪರ್ಕಳ #ಮಣಿಪಾಲ #ಪೂಲ್ #ಸಿಟ್ಟು #ಬಿಕಾಂಹುಡುಗನಮಾತು