ಡ್ಯಾಶ್‌ಬೋರ್ಡಿಗೊಂದು ಪುಟ್ಟ ಸಿಬಿ
ಹಂಪಿ ಬಳಿಯ ಬುಕ್ಕಸಾಗರದ ಬಾಳೆತೋಟದಿಂದ ಹಣ್ಣು ಹೇರಿಕೊಂಡು ಎರಡು ಗಾಡಿ ಒಟ್ಟಿಗೆ ಹೊರಟಾಗ, ನಂಬರ್ ಒತ್ತುವ ಗೋಜಿಲ್ಲದೆ ಮುಂದಿನವರು ಹಿಂದಿನವರಿಗೆ ಒಂದು ಮಾತು ಹೇಳಲು ಸಿಬಿ (ಸಿಟಿಜನ್ಸ್ ಬ್ಯಾಂಡ್) ರೇಡಿಯೊ ಒಳ್ಳೆಯ ಸಾಧನ. ನಮ್ಮಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು 5 ವ್ಯಾಟ್ ಮಿತಿಯೊಳಗೆ ಲೈಸೆನ್ಸ್ ಇಲ್ಲದೆ ಬಳಸಬಹುದು. 2005ರ ನಿಯಮವೇ ಅದಕ್ಕೆ ದಾರಿ ಬಿಟ್ಟಿದೆ. ಎಡವುವುದು ಇಲ್ಲೇ ನೋಡಿ: ಅಮೆರಿಕದ 40 ಚಾನೆಲ್ ಸೆಟ್ಟಿನಲ್ಲಿ ಮೊದಲ 27 ಮಾತ್ರ ಈ ಪಟ್ಟಿಯೊಳಗಿವೆ. 28ನೆಯದು 27.285ಕ್ಕೆ ಹೋಗಿ ಗೆರೆ ದಾಟುತ್ತದೆ. ಆದ್ದರಿಂದ ಭಾರತದ ಅನುಮೋದನೆ ಪಡೆದ ಸೆಟ್ಟನ್ನೇ ಕೇಳಿ ಕೊಳ್ಳಿ. ಸೆಟ್ಟು ಅಂಗೈಯಗಲ ಇದ್ದರೂ ಸಾಕು, ಸೀಟಿನ ಪಕ್ಕ ಕೂರುತ್ತದೆ. ಆಂಟೆನಾದಲ್ಲಿ ಮಾತ್ರ ಜಿಪುಣತನ ಬೇಡ. ಈ ಅಲೆಯ ಉದ್ದ ಸುಮಾರು 11 ಮೀಟರ್, ಅದರ ಕಾಲುಭಾಗವೇ ಎರಡೂಮುಕ್ಕಾಲು ಮೀಟರ್. ಗಿಡ್ಡ ಕಡ್ಡಿಯೊಳಗೆ ತಂತಿ ಸುತ್ತಿ ಆ ಉದ್ದವನ್ನು ಸರಿದೂಗಿಸುತ್ತಾರೆ, ಆದರೆ ಕಡ್ಡಿ ಗಿಡ್ಡವಾದಷ್ಟೂ ದನಿ ತಲುಪುವ ದೂರ ಕುಗ್ಗುತ್ತದೆ. ಕಡ್ಡಿಯನ್ನು ಗಾಡಿಯ ಕಬ್ಬಿಣದ ಟಾಪಿನ ನಡುವೆ ನಿಲ್ಲಿಸಿ, ಆಂಟೆನಾ ಸೆಟ್ಟಿಗೆ ಹೊಂದಿದೆಯೇ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರಿನಲ್ಲಿ ಅಂಕಿಯನ್ನು 1.5ರೊಳಗೆ ತಂದುಕೊಂಡರೆ ಸೆಟ್ಟಿಗೂ ಕ್ಷೇಮ. ಸಂಡೂರಿನ ಅದಿರು ಲಾರಿಗಳಂಥ ದೊಡ್ಡ ಗಾಡಿಗಳಲ್ಲಿ 24 ವೋಲ್ಟ್ ಇರುತ್ತದೆ, ಪುಟ್ಟ ಸೆಟ್ಟುಗಳು ಹೆಚ್ಚಾಗಿ 12 ವೋಲ್ಟಿನವು. ನಡುವೆ ಕನ್ವರ್ಟರ್ ಇಲ್ಲದೆ ತಂತಿ ಜೋಡಿಸಿದರೆ ಸೆಟ್ಟು ಸುಟ್ಟೇ ಹೋದೀತು. ಹಂಪಿ ಸೀಮೆಯ ಬಂಡೆಗುಡ್ಡಗಳು ಅಲೆಗೆ ಅಡ್ಡ ನಿಲ್ಲುತ್ತವೆ. ಪೊಟ್ಟಣದ ಮೇಲಿನ ಕಿಲೋಮೀಟರ್ ಲೆಕ್ಕ ನಂಬದೆ, ಕಡೇಬಾಗಿಲು ಸೇತುವೆಯ ಈಚೆಗೊಂದು ಗಾಡಿ, ಆಚೆಗೊಂದು ಗಾಡಿ ನಿಲ್ಲಿಸಿ ಮಾತಾಡಿ ನೋಡಿ.