ಡೊನಾಟೆಲ್ಲೊನ ದೇಶಸಂಚಾರ

ಕವಿಯ ಕೃತಿ ಅಂಚೆಯಲ್ಲಿ ಹೋಗುತ್ತದೆ. ಗಾಯಕನ ಕೃತಿ ಅವನೊಡನೆಯೇ ಹೋಗುತ್ತದೆ. ಶಿಲ್ಪಿಯ ಕೃತಿಗೆ ಮಾತ್ರ ಭಾರವುಂಟು. ಅದು ನಿಂತ ನೆಲ, ಅದರ ಮೇಲೆ ಬೀಳುವ ಬೆಳಕು, ಅದನ್ನು ನೋಡಲು ನಾವು ಎತ್ತಬೇಕಾದ ಕತ್ತು—ಇವೆಲ್ಲವೂ ಆ ಕೃತಿಗೇ ಸೇರಿದವು. ಹೀಗಿರುವಾಗ ಶಿಲ್ಪಿಯೊಬ್ಬನ ಜೀವಮಾನದ ಕೃತಿಗಳನ್ನು ಪೆಟ್ಟಿಗೆಗಳಲ್ಲಿಟ್ಟು ಊರಿಂದೂರಿಗೆ ಕಳುಹಿಸುವುದು ಉಚಿತವೆ? ಉಚಿತವೆಂದಾದರೆ, ಯಾರಿಗಾಗಿ? ಮೊದಲನೆಯ ಪ್ರಶ್ನೆಯನ್ನು ಪಂಡಿತರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಎರಡನೆಯದನ್ನು ಕೇಳುವವರು ವಿರಳ. ನನಗಾದರೋ ಎರಡನೆಯದೇ ಹೆಚ್ಚು ಮುಖ್ಯವೆಂದು ತೋರುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಇಟಲಿಯ ಪುನರುಜ್ಜೀವನ ಯುಗದ ಶಿಲ್ಪಿ ಡೊನಾಟೆಲ್ಲೊ 1386ರ ಸುಮಾರಿಗೆ ಫ್ಲಾರೆನ್ಸಿನಲ್ಲಿ ಹುಟ್ಟಿ, 1466ರಲ್ಲಿ ಅಲ್ಲಿಯೇ ತೀರಿಕೊಂಡವನು. ಅವನ ಕೃತಿಗಳ ಮಹಾಪ್ರದರ್ಶನವೊಂದು 2022ರ ಮಾರ್ಚಿಯಲ್ಲಿ ಫ್ಲಾರೆನ್ಸಿನ ಸ್ಟ್ರೋಟ್ಸಿ ಅರಮನೆಯಲ್ಲಿಯೂ ಬಾರ್ಜೆಲ್ಲೊ ವಸ್ತುಸಂಗ್ರಹಾಲಯದಲ್ಲಿಯೂ ಆರಂಭವಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಬರ್ಲಿನ್ನಿಗೆ ಹೋಯಿತು. 2023ರ ಫೆಬ್ರವರಿಯಿಂದ ಜೂನ್‌ವರೆಗೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ನಿಂತಿತು. ಒಂದೇ ಸರಕನ್ನು ಮೂರು ಸಂತೆಗಳಿಗೆ ಹೊತ್ತ ಹಾಗಲ್ಲ ಇದು. ಮೂರು ನಗರಗಳೂ ತಮ್ಮ ತಮ್ಮ ಆಯ್ಕೆಯನ್ನೂ ತಮ್ಮ ತಮ್ಮ ಶೀರ್ಷಿಕೆಯನ್ನೂ ಮಾಡಿಕೊಂಡವು. ಯಾವುದು ಹೋಗಬಹುದು, ಯಾವುದು ಹೋಗಬಾರದು ಎಂಬ ವಿವೇಚನೆಯೂ ನಡೆಯಿತು. ಅಮೃತಶಿಲೆಯ ಡೇವಿಡ್ ಲಂಡನ್ನಿಗೆ ಹೋದನು. ಕಂಚಿನ ಡೇವಿಡ್ ಹೋಗಲಿಲ್ಲ.

ಶಿಲ್ಪವನ್ನು ಕದಲಿಸಬಾರದೆನ್ನುವವರ ವಾದದಲ್ಲಿ ಬಲವಿಲ್ಲದೆ ಇಲ್ಲ. ಡೊನಾಟೆಲ್ಲೊ ತಾರುಣ್ಯದಲ್ಲಿ ಫ್ಲಾರೆನ್ಸಿನ ಪ್ರಧಾನ ದೇವಾಲಯದ ಮುಖಭಿತ್ತಿಗೆಂದು ಸಂತ ಜಾನನ ಆಸೀನಮೂರ್ತಿಯನ್ನು ಕಡೆದನು. ಅದನ್ನು ಕಣ್ಣಿನ ಮಟ್ಟದಲ್ಲಿಟ್ಟು ನೋಡಿದರೆ ಮುಂಡ ಅತಿ ದೀರ್ಘ, ಕಾಲು ಅತಿ ಗಿಡ್ಡ. ಕೆಳಗೆ ನಿಂತು ತಲೆಯೆತ್ತಿ ನೋಡಿದರೆ ಎಲ್ಲವೂ ಸರಿಹೊಂದಿ, ಮುದುಕನೊಬ್ಬನ ಗಾಂಭೀರ್ಯ ಎದ್ದು ಬರುತ್ತದೆ. ನೋಡುವವನ ನಿಲುವನ್ನು ಶಿಲ್ಪಿ ಲೆಕ್ಕಕ್ಕೆ ತೆಗೆದುಕೊಂಡಿದ್ದಾನೆ. ಅವನ ಅತಿ ತೆಳುವಾದ ಉಬ್ಬುಶಿಲ್ಪಗಳ ವಿಷಯವಂತೂ ಇನ್ನೂ ಸೂಕ್ಷ್ಮ. ಕಲ್ಲಿನ ಮೇಲೆ ಗೀರಿದಷ್ಟೇ ಆಳದಲ್ಲಿ ಅವನು ಮರ, ಮೋಡ, ದೂರದ ಗುಡ್ಡಗಳನ್ನು ಮೂಡಿಸಿದನು. ಬೆಳಕು ಓರೆಯಾಗಿ ಬಿದ್ದರೆ ಅವು ಉಸಿರಾಡುತ್ತವೆ. ನೇರವಾಗಿ ಬಿದ್ದರೆ ಬರಿಯ ಬಿಳಿಯ ಹಲಗೆ. ಪ್ರದರ್ಶನವನ್ನು ಯೋಜಿಸುವವರು ಪೀಠದ ಎತ್ತರವನ್ನೂ ದೀಪದ ಕೋನವನ್ನೂ ತಪ್ಪಿದರೆ, ಕಲ್ಲು ಕ್ಷೇಮವಾಗಿ ಬಂದಿದ್ದರೂ ಕೃತಿ ಬಂದಂತಾಗದು.

ಆದರೆ ‘ಇದ್ದಲ್ಲೇ ಇರಲಿ’ ಎಂಬ ವಾದವನ್ನು ಕೊನೆಯವರೆಗೆ ಎಳೆಯುವುದು ಸಾಧ್ಯವಿಲ್ಲ. ಮೆಡಿಚಿ ಮನೆತನದವರ ಅರಮನೆಯಲ್ಲಿದ್ದ ಕಂಚಿನ ಡೇವಿಡನನ್ನು ಫ್ಲಾರೆನ್ಸಿನ ಪೌರರು 1495ರಲ್ಲಿಯೇ ನಗರದ ಆಡಳಿತ ಭವನಕ್ಕೆ ಸಾಗಿಸಿದರು. ಪಾದುವಾದ ಸಂತ ಆಂಟನಿಯ ದೇವಾಲಯದಲ್ಲಿ ಡೊನಾಟೆಲ್ಲೊ ರಚಿಸಿದ ಮಹಾವೇದಿಕೆ ಹಿಂದೆಯೇ ಬಿಚ್ಚಿಹೋಗಿತ್ತು. ಈಗ ಕಾಣುವ ಜೋಡಣೆ 1895ರದು. ಊರು ಬಿಡದ ಶಿಲ್ಪಕ್ಕೂ ಕಾಲ ಸಂಚಾರವನ್ನು ತಪ್ಪಿಸುವುದಿಲ್ಲ. ಮೇಲಾಗಿ, ಸಂಚಾರದಿಂದ ಉಪಕಾರವೂ ಉಂಟು. ಸಿಯೆನಾದ ದೀಕ್ಷಾಸ್ನಾನ ಕುಂಡಕ್ಕಾಗಿ ಅವನು ಮಾಡಿದ ‘ಹೆರೋದನ ಔತಣ’ ಎಂಬ ಕಂಚಿನ ಫಲಕ 2022ರ ಫ್ಲಾರೆನ್ಸಿನ ಪ್ರದರ್ಶನಕ್ಕೆ ಬಂದಾಗ, ಆ ನೆವದಿಂದ ಅದಕ್ಕೆ ಶುದ್ಧೀಕರಣ ಸಂಸ್ಕಾರವೂ ದೊರೆಯಿತು. ಅಪಾಯವೆಲ್ಲ ದಾರಿಯಲ್ಲಿಯೇ ಇದೆಯೆನ್ನುವುದೂ ಸರಿಯಲ್ಲ. ಮೈಕೆಲ್ಯಾಂಜೆಲೊನ ‘ಪಿಯೆತಾ’ 1964ರಲ್ಲಿ ಹಡಗಿನಲ್ಲಿ ಸಮುದ್ರ ದಾಟಿ ನ್ಯೂಯಾರ್ಕಿನ ವಿಶ್ವಮೇಳಕ್ಕೆ ಹೋಗಿ ಸುರಕ್ಷಿತವಾಗಿ ಮರಳಿತು. ಅದರ ಮೇಲೆ ಸುತ್ತಿಗೆಯ ಪೆಟ್ಟು ಬಿದ್ದದ್ದು 1972ರಲ್ಲಿ, ಅದರ ಸ್ವಸ್ಥಾನವಾದ ಸಂತ ಪೀಟರನ ದೇವಾಲಯದಲ್ಲಿ.

ಆ ನ್ಯೂಯಾರ್ಕ್ ಯಾತ್ರೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ಅಲ್ಲಿ ಮೂರ್ತಿಯನ್ನು ನೀಲಿ ಬೆಳಕಿನ ರಂಗಸಜ್ಜಿಕೆಯೊಳಗಿಟ್ಟು, ಜನರನ್ನು ಚಲಿಸುವ ಪಟ್ಟಿಯ ಮೇಲೆ ನಿಲ್ಲಿಸಿ ಅದರ ಮುಂದೆ ಹಾಯಿಸಿದರು. ಕಲ್ಲು ಸ್ಥಿರವಾಗಿತ್ತು, ನೋಟಕನು ಸರಕಾದನು. ಅಸಂಖ್ಯ ಜನರ ಕಣ್ಣಿಗೆ ಅದು ಬಿದ್ದುದು ನಿಜ. ಕಣ್ಣಿಗೆ ಬೀಳುವುದು ಬೇರೆ, ನೋಡುವುದು ಬೇರೆ. ಜನಸಂಖ್ಯೆಯಿಂದ ಪ್ರದರ್ಶನದ ಸಾರ್ಥಕ್ಯವನ್ನು ಅಳೆಯುವವರು ಈ ಭೇದವನ್ನು ಮರೆಯುತ್ತಾರೆ.

ಇನ್ನು ನನ್ನ ಎರಡನೆಯ ಪ್ರಶ್ನೆ. ಡೊನಾಟೆಲ್ಲೊನ ಸಂಚಾರ ನಡೆದ ಮೂರು ನಗರಗಳನ್ನು ಗಮನಿಸಿರಿ. ಫ್ಲಾರೆನ್ಸ್ ಅವನ ತವರು. ಬರ್ಲಿನ್ನಿನ ಬಳಿ ‘ಪಾಟ್ಸಿ ಮಡೋನ್ನಾ’ ಮೊದಲಾದ ಕೃತಿಗಳು ಮೊದಲೇ ಇದ್ದುವು. ಲಂಡನ್ನಿನಲ್ಲಿ ಅವನ ‘ಸ್ವರ್ಗಾರೋಹಣ’ದ ಅಮೃತಶಿಲಾ ಫಲಕವಿದೆ. ಎಂದರೆ, ಉಳ್ಳವರ ಮನೆಯಿಂದ ಉಳ್ಳವರ ಮನೆಗೇ ಅತಿಥಿ ಹೋದ ಹಾಗಾಯಿತು. ಇದಕ್ಕೆ ಯಾರ ದುರುದ್ದೇಶವೂ ಕಾರಣವಲ್ಲ. ದೊಡ್ಡ ಪ್ರದರ್ಶನಗಳು ಬಹುಮಟ್ಟಿಗೆ ಎರವಲಿನಿಂದ ನಡೆಯುತ್ತವೆ; ನೀನು ಕೊಟ್ಟರೆ ನಾನು ಕೊಟ್ಟೇನೆಂಬುದೇ ಎರವಲಿನ ನೀತಿ. ವಿಮೆ, ಕಾವಲು, ಹವೆಯ ಹತೋಟಿ, ಪ್ರತಿ ನಿಲ್ದಾಣದಲ್ಲಿಯೂ ಮೂರ್ತಿಯ ಸ್ಥಿತಿಯನ್ನು ಪರೀಕ್ಷಿಸಿ ಬರೆದಿಡುವ ತಜ್ಞರು—ಇವೆಲ್ಲಕ್ಕೂ ಹಣ ಬೇಕು. ಕೊಡಲು ಕೃತಿಯೂ ಇಲ್ಲದ, ವೆಚ್ಚಕ್ಕೆ ಹಣವೂ ಇಲ್ಲದ ಊರಿನ ವಿದ್ಯಾರ್ಥಿಗೆ ಈ ಸಂಚಾರಿಯ ಬಂಡಿ ಎಂದೂ ಬರುವುದಿಲ್ಲ.

ಹಾಗಾದರೆ ಅವನಿಗೇನು ಗತಿ? ಹತ್ತೊಂಬತ್ತನೆಯ ಶತಮಾನ ಇದಕ್ಕೊಂದು ಉತ್ತರವನ್ನು ಕಂಡುಕೊಂಡಿತ್ತು. ಕಲಾಕೃತಿಗಳ ಪ್ರತಿಕೃತಿಗಳನ್ನು ದೇಶದೇಶಗಳ ನಡುವೆ ವಿನಿಮಯ ಮಾಡಿಕೊಳ್ಳಬೇಕೆಂಬ ಒಪ್ಪಂದಕ್ಕೆ 1867ರಲ್ಲಿ ಯೂರೋಪಿನ ರಾಜಕುಮಾರರು ಸಹಿ ಹಾಕಿದರು. ಲಂಡನ್ನಿನ ಅದೇ ವಸ್ತುಸಂಗ್ರಹಾಲಯದಲ್ಲಿ 1873ರಲ್ಲಿ ಪ್ಲಾಸ್ಟರ್ ಪ್ರತಿಕೃತಿಗಳ ಅಂಗಣಗಳು ತೆರೆದುವು. ಮೈಕೆಲ್ಯಾಂಜೆಲೊನ ಡೇವಿಡನ ಐದು ಮೀಟರಿಗೂ ಮೀರಿದ ಪ್ರತಿಕೃತಿ ಇಂದಿಗೂ ಅಲ್ಲಿದೆ. ಮುಂದೆ ಇಪ್ಪತ್ತನೆಯ ಶತಮಾನಕ್ಕೆ ಇಂಥವು ಹಳಸಲೆನಿಸಿ, ಅನೇಕ ಸಂಗ್ರಹಗಳು ಮೂಲೆ ಸೇರಿದುವು. ಮೂಲವಲ್ಲದ್ದು ಕಲೆಯೇ ಅಲ್ಲವೆಂಬ ಅಭಿಮಾನ ಬೆಳೆಯಿತು.

ಈ ಅಭಿಮಾನವನ್ನು ಡೊನಾಟೆಲ್ಲೊ ಒಪ್ಪುತ್ತಿದ್ದನೆ? ತನಗೆ ಚಿಕಿತ್ಸೆ ಮಾಡಿದ ವೈದ್ಯ ಜೊವಾನ್ನಿ ಕೆಲ್ಲಿನಿಗೆ ಅವನು 1456ರಲ್ಲಿ ಕಂಚಿನ ದುಂಡುಫಲಕವೊಂದನ್ನು ಕೊಟ್ಟನು. ಮುಂಭಾಗದಲ್ಲಿ ತಾಯಿ, ಮಗು, ದೇವದೂತರು. ಹಿಂಭಾಗದಲ್ಲಿ ಅದೇ ಚಿತ್ರ ತಗ್ಗಾಗಿ ಕೊರೆದಿದೆ. ಕರಗಿದ ಗಾಜನ್ನು ಅದರಲ್ಲಿ ಎರೆದು ಪ್ರತಿಗಳನ್ನು ತೆಗೆಯಲೆಂದೇ ಹೀಗೆ ಮಾಡಿದೆಯೆಂದು ಆ ವೈದ್ಯನೇ ಬರೆದಿಟ್ಟಿದ್ದಾನೆ. ತನ್ನ ಕೃತಿಯ ಬೆನ್ನಿನಲ್ಲಿಯೇ ಅದರ ಅಚ್ಚನ್ನೂ ಇಟ್ಟುಕೊಟ್ಟ ಶಿಲ್ಪಿಗೆ ಪ್ರತಿಕೃತಿಯ ವಿಷಯದಲ್ಲಿ ತಿರಸ್ಕಾರವಿತ್ತೆಂದು ನಾನು ನಂಬಲಾರೆ.

ಪ್ಲಾಸ್ಟರು ಅಮೃತಶಿಲೆಯಲ್ಲವೆಂದು ಯಾರಾದರೂ ಹೇಳಿಯಾರು. ನಿಜ, ಕಲ್ಲಿನ ಒಳಕಾಂತಿ ಅದಕ್ಕಿಲ್ಲ, ಕಂಚಿನ ಮೇಲೆ ಕಾಲ ಎಳೆದ ಹಸುರೂ ಇಲ್ಲ. ಆದರೆ ಗಾತ್ರವಿದೆ, ಎತ್ತರವಿದೆ, ಸುತ್ತ ನಡೆದು ನೋಡುವ ಅವಕಾಶವಿದೆ. ಪುಸ್ತಕದ ಚಿತ್ರದಲ್ಲಿ ಇವಾವುವೂ ಇಲ್ಲ. ಮೂಲವನ್ನು ಮುಟ್ಟಲಾಗದು, ಇದನ್ನು ಅಂಧ ವಿದ್ಯಾರ್ಥಿಯೂ ಕೈಯಾಡಿಸಿ ತಿಳಿಯಬಹುದು. ಸಂತ ಜಾನನನ್ನು ತಕ್ಕ ಎತ್ತರದಲ್ಲಿ ಕೂರಿಸಿ, ಶಿಲ್ಪಿಯ ಲೆಕ್ಕಾಚಾರವನ್ನು ಕಣ್ಣಾರೆ ತೋರಿಸಲೂಬಹುದು.

ಆದಕಾರಣ ನನ್ನ ಸೂಚನೆ ಇಷ್ಟೆ. ಚದರಿದ ಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದಕ್ಕೋ ಜೀರ್ಣೋದ್ಧಾರಕ್ಕೋ ಮೂಲಗಳು ಪ್ರಯಾಣ ಮಾಡಲಿ. ಬರಿಯ ವೈಭವಕ್ಕಾಗಿ ಬೇಡ. ಅಂಥ ಪ್ರತಿಯೊಂದು ಪ್ರದರ್ಶನದ ಯೋಜನೆಯಲ್ಲಿಯೂ ಮೊದಲಿನಿಂದಲೇ ಎರಡನೆಯದೊಂದು ಸಂಚಾರ ಸೇರಿರಲಿ—ಪ್ರತಿಕೃತಿಗಳದು, ಅದೇ ಪಂಡಿತರ ಮೇಲ್ವಿಚಾರಣೆಯಲ್ಲಿ, ಅದೇ ಶ್ರದ್ಧೆಯಿಂದ. ಮೊದಲನೆಯದು ಉಳ್ಳವರ ರಾಜಧಾನಿಗಳಿಗೆ ಹೋಗಲಿ. ಎರಡನೆಯದು, ತಿರುಗಿ ಕೊಡಲು ಏನೂ ಇಲ್ಲದವರ ಊರುಗಳಿಗೆ ಹೋಗಲಿ.